ಕೊಟ್ಟೂರು ‘ಕೊಟ್ಟ’ ಆದ ಬಗೆ: ಬಿಪಿಎಫ್‌ಟ್ರೇಸ್ ಭಾಷೆಯ ಒಂದು ವಿಮರ್ಶೆ

ಹಂಪಿಯನ್ನು ಹೊರಗಿನಿಂದ ನೋಡಬೇಕು, ಉಜ್ಜಿನಿಯನ್ನು ಒಳಗೆ ಹೊಕ್ಕು ನೋಡಬೇಕು ಎಂಬ ಮಾತು ನಮ್ಮ ಸೀಮೆಯ ಜನರ ನಾಲಗೆಯ ಮೇಲೆ ಬಹುಕಾಲದಿಂದ ನೆಲೆಗೊಂಡಿದೆ. ಕೊಟ್ಟೂರಿನಿಂದ ಕೆಲವೇ ಹರದಾರಿಗಳ ದೂರದಲ್ಲಿರುವ ಉಜ್ಜಿನಿಯ ಗುಡಿಯನ್ನು ಬೀದಿಯಲ್ಲಿ ನಿಂತು ನೋಡಿದವನು ಅದರ ಬಹುಭಾಗವನ್ನು ಕಾಣದೆಯೇ ಮರಳಿದವನೆನ್ನಬೇಕು. ಒಳಹೊಕ್ಕು, ಕಣ್ಣು ಕತ್ತಲೆಗೆ ಒಗ್ಗುವವರೆಗೆ ತಾಳ್ಮೆಯಿಂದ ನಿಂತವನಿಗೆ ಮಾತ್ರ ಶಿಲ್ಪಿಯ ಕೈ ಗೋಚರವಾಗುವುದು. ಗಣಕಯಂತ್ರವೂ ಈ ವಿಷಯದಲ್ಲಿ ಉಜ್ಜಿನಿಯ ಗುಡಿಯ ಜಾತಿಗೆ ಸೇರಿದುದು. ಪರದೆಯ ಮೇಲೆ ಕಾಣುವುದು ಅದರ ಹೊರಗೋಡೆ ಮಾತ್ರ. ಕಡತವೊಂದನ್ನು ತೆರೆಯೆಂದು ನಾವು ಆಜ್ಞಾಪಿಸಿದಾಗ ಯಾವ ಪ್ರೋಗ್ರಾಂ ಯಾರನ್ನು ಕೇಳಿತು, ಯಾರು ಅನುಮತಿಯಿತ್ತರು, ಎಷ್ಟು ಹೊತ್ತು ಕಾಯಬೇಕಾಯಿತು ಎಂಬುದೆಲ್ಲ ನಡೆಯುವುದು ಕರ್ನೆಲ್ ಎಂಬ ಗರ್ಭಗೃಹದಲ್ಲಿ, ಸಾಮಾನ್ಯ ಬಳಕೆದಾರನಿಗೆ ಪ್ರವೇಶವಿಲ್ಲದ ಎಡೆಯಲ್ಲಿ. ನಡೆಯುತ್ತಿರುವ ಪೂಜೆಯನ್ನು ನಿಲ್ಲಿಸದೆ, ಬಾಗಿಲನ್ನು ಮುರಿಯದೆ, ಒಳಗಿನ ವ್ಯಾಪಾರವನ್ನು ಹೊರಗಿರುವವರಿಗೆ ಕಾಣಿಸುವ ವಿದ್ಯೆಗೆ ಟ್ರೇಸಿಂಗ್ ಎಂದು ಹೆಸರು. ಲಿನಕ್ಸ್ ಕರ್ನೆಲಿನ ಮಟ್ಟಿಗೆ ಆ ವಿದ್ಯೆಯನ್ನು ಒಂದು ಪುಟ್ಟ ಭಾಷೆಯ ರೂಪದಲ್ಲಿ ಒದಗಿಸಿದ ಬಿಪಿಎಫ್‌ಟ್ರೇಸ್ ಎಂಬ ಕೃತಿಯೇ ಈ ಲೇಖನದ ವಿಷಯ. ಕೃತಿಯೆಂದು ಬುದ್ಧಿಪೂರ್ವಕವಾಗಿಯೇ ಕರೆಯುತ್ತಿದ್ದೇನೆ. ಪದಕೋಶವೂ ವ್ಯಾಕರಣವೂ ಉಳ್ಳ, ಹೇಳಬಲ್ಲದ್ದು ಮತ್ತು ಹೇಳಲಾರದ್ದು ಎಂಬೆರಡೂ ಉಳ್ಳ ಯಾವ ರಚನೆಯಾದರೂ ವಿಮರ್ಶೆಗೆ ತಕ್ಕುದೇ ಸರಿ.

ಅಲಸ್ಟೇರ್ ರಾಬರ್ಟ್‌ಸನ್ ಆರಂಭಿಸಿದ, 2018ರಲ್ಲಿ ಬ್ರೆಂಡನ್ ಗ್ರೆಗ್ ಬರೆದ ಪರಿಚಯದಿಂದ ವ್ಯಾಪಕವಾಗಿ ಪ್ರಸಿದ್ಧಿಗೆ ಬಂದ ಈ ಭಾಷೆಯ ಪ್ರಥಮ ಗುಣ ಮಿತಭಾಷಿತ್ವ. ‘ಇಂಥ ಘಟನೆ ನಡೆದಾಗ, ಇಂಥ ನಿಬಂಧನೆ ಕೂಡಿಬಂದರೆ, ಇಂಥದನ್ನು ಮಾಡು’ ಎಂಬ ಮೂರು ಅಂಗಗಳ ವಾಕ್ಯರಚನೆಯನ್ನು ಹಳೆಯ ಆಕ್ ಭಾಷೆಯಿಂದಲೂ, ಪದಗಳ ಚಹರೆಯನ್ನು ಸಿ ಭಾಷೆಯಿಂದಲೂ, ಧ್ಯೇಯವನ್ನು ಸನ್ ಸಂಸ್ಥೆಯವರ ಡಿಟ್ರೇಸ್ ಎಂಬ ಪೂರ್ವಸೂರಿಯಿಂದಲೂ ಪಡೆದು, ಅವೆಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದು ಮುಗಿಸುವಷ್ಟು ಸಂಕ್ಷೇಪವಾಗಿ ಹೆಣೆದುಕೊಂಡಿರುವುದು ಅದರ ವೈಶಿಷ್ಟ್ಯ. ಸಿ ಭಾಷೆಯಲ್ಲಿ ನೂರಾರು ಸಾಲುಗಳನ್ನು ಬೇಡುತ್ತಿದ್ದ ಪ್ರಶ್ನೆಯನ್ನು ಇಲ್ಲಿ ಒಂದೇ ಉಸಿರಿನಲ್ಲಿ ಕೇಳಬಹುದು. ಈ ಲಾಘವವನ್ನು ಮನಸಾರೆ ಮೆಚ್ಚಿದ ಮೇಲೆಯೇ ಅದರ ಕೊರತೆಯ ಮಾತನ್ನೆತ್ತುವುದು ನ್ಯಾಯ.

ನನಗೆ ಆ ಕೊರತೆಯು ಎದುರಾದುದು ತೀರ ಕ್ಷುಲ್ಲಕವಾದೊಂದು ಸಂದರ್ಭದಲ್ಲಿ. ನಮ್ಮ ಸೀಮೆಯ ಶಾಸನಗಳ ವಿಷಯವಾಗಿ ಮಾಡಿಕೊಂಡ ಟಿಪ್ಪಣಿಗಳನ್ನು ತಾಲೂಕುವಾರು ವಿಂಗಡಿಸಿ ಐದು ಕಡತಗಳಲ್ಲಿ ಇಟ್ಟಿದ್ದೆ. ಕನ್ನಡದ ಟಿಪ್ಪಣಿಗೆ ಇಂಗ್ಲಿಷಿನ ಹೆಸರೇಕೆಂದು ಅವಕ್ಕೆ ‘ಕೂಡ್ಲಿಗಿ ತಾಲೂಕು’, ‘ಕೊಟ್ಟೂರು ತಾಲೂಕು’, ‘ಹಗರಿಬೊಮ್ಮನಹಳ್ಳಿ ತಾಲೂಕು’, ‘ಹೂವಿನ ಹಡಗಲಿ ತಾಲೂಕು’, ‘ಹರಪನಹಳ್ಳಿ ತಾಲೂಕು’ ಎಂದೇ ಕನ್ನಡ ಲಿಪಿಯಲ್ಲಿ ನಾಮಕರಣ ಮಾಡಿದ್ದೆ. ಒಂದು ದಿನ ಬಿಪಿಎಫ್‌ಟ್ರೇಸಿನ ಒಂದು ಸಾಲನ್ನು ಬರೆದು, ಯಾವ ಪ್ರೋಗ್ರಾಂ ಯಾವ ಕಡತವನ್ನು ತೆರೆಯುವುದೋ ಅದರ ಹೆಸರನ್ನು ಅಚ್ಚು ಮಾಡೆಂದು ಕರ್ನೆಲಿಗೆ ಹೇಳಿ, ಐದೂ ಕಡತಗಳನ್ನು ಒಂದೇ ಆಜ್ಞೆಯಲ್ಲಿ ಸಾಲಾಗಿ ತೆರೆದೆ. ನಾಲ್ಕು ತಾಲೂಕುಗಳು ಸಾಂಗವಾಗಿ ಮೂಡಿದುವು. ಹಗರಿಬೊಮ್ಮನಹಳ್ಳಿ ಮಾತ್ರ ‘ತಾಲೂಕ’ ಎಂಬಲ್ಲಿಗೆ ಬಂದು, ಕಡೆಯ ಕೊಂಬಿನ ಎಡೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ಗುರುತೊಂದನ್ನು ಹೊತ್ತು ನಿಂತಿತು.

ದೋಷವನ್ನು ಅರಸಹೊರಟವನು ಮೊದಲು ಶಂಕಿಸುವುದು ತನಗೆ ಪರಿಚಿತವಾದ ಹಳೆಯ ಶತ್ರುಗಳನ್ನೇ. ಕನ್ನಡ ಲಿಪಿಯನ್ನು ಪರದೆಯ ಮೇಲೆ ಕಂಡು ನೊಂದ ಯಾರೇ ಆಗಲಿ, ಅಕ್ಷರವೊಂದು ಮುರಿದೊಡನೆ ಫಾಂಟಿನ ಮೇಲೆ ತಪ್ಪು ಹೊರಿಸುತ್ತಾರೆ. ನಾನೂ ಹಾಗೆಯೇ ಮಾಡಿದೆ. ಆದರೆ ಅದೇ ಫಾಂಟು ‘ಕೂಡ್ಲಿಗಿ ತಾಲೂಕು’ ಎಂಬಲ್ಲಿಯ ಕೊಂಬನ್ನು ಸೊಗಸಾಗಿ ಬರೆದಿತ್ತು. ಕಡತದ ಹೆಸರೇ ಕೆಟ್ಟಿರಬಹುದೆಂದು ಕೋಶವನ್ನು ತೆರೆದು ನೋಡಿದರೆ ಅಲ್ಲಿ ಹೆಸರು ಪೂರ್ಣವಾಗಿತ್ತು. ಐವರಲ್ಲಿ ಒಬ್ಬನಿಗೆ ಮಾತ್ರ ಜ್ವರ ಬಂದಾಗ ವೈದ್ಯನು ಕೇಳುವ ಪ್ರಶ್ನೆಯನ್ನೇ ಕೇಳಬೇಕಾಯಿತು: ಉಳಿದ ನಾಲ್ವರಿಗೂ ಇವನಿಗೂ ಇರುವ ಭೇದವೇನು? ಭೇದವು ದೀರ್ಘತೆಯೊಂದೇ ಎಂದು ಹೊಳೆದೊಡನೆ ಎಣಿಸಲು ಕುಳಿತೆ.

ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ವ್ಯಂಜನಕ್ಕೂ, ಒಂದೊಂದು ಗುಣಿತ ಚಿಹ್ನೆಗೂ, ಒತ್ತಕ್ಷರವನ್ನು ಹೊಂದಿಸುವ ವಿರಾಮಕ್ಕೂ ಪ್ರತ್ಯೇಕ ಸಂಕೇತವುಂಟು. ಅಂಥ ಪ್ರತಿಯೊಂದು ಸಂಕೇತವೂ ಯುಟಿಎಫ್-8 ಎಂಬ ರೂಢಿಯ ಬರೆಹದಲ್ಲಿ 3 ಬೈಟುಗಳನ್ನು ಆಕ್ರಮಿಸುತ್ತದೆ, ಇಂಗ್ಲಿಷಿನ ಅಕ್ಷರವಾದರೋ 1 ಬೈಟಿನಲ್ಲಿ ತೃಪ್ತಿಪಡುತ್ತದೆ. ಕೂಡ್ಲಿಗಿ ಮತ್ತು ಕೊಟ್ಟೂರು ಎಂಬ ಹೆಸರುಗಳಲ್ಲಿ ಎಂಟೆಂಟು ಸಂಕೇತಗಳಿರುವುದರಿಂದ ತಲಾ 24 ಬೈಟು, ಹರಪನಹಳ್ಳಿ 27, ನಡುವಿನ ತೆರಪನ್ನೂ ಸೇರಿಸಿ ಹೂವಿನ ಹಡಗಲಿ 31, ಹಗರಿಬೊಮ್ಮನಹಳ್ಳಿಯಾದರೋ 15 ಸಂಕೇತಗಳ 45. ಎಲ್ಲದರ ಬೆನ್ನಿಗೂ ಒಂದು ತೆರಪು ಮತ್ತು ‘ತಾಲೂಕು’ ಎಂಬ ಪದ ಸೇರಿ 19 ಬೈಟುಗಳು ಕೂಡಿದಾಗ ಮೊತ್ತಗಳು ಅನುಕ್ರಮವಾಗಿ 43, 43, 46, 50 ಮತ್ತು 64. ಬಿಪಿಎಫ್‌ಟ್ರೇಸ್ ಭಾಷೆಯಲ್ಲಿ ಪದಪುಂಜವನ್ನು ಓದುವ ಎಸ್‌ಟಿಆರ್ ಎಂಬ ಕ್ರಿಯೆಗೆ, ನಾನು ಬಳಸುತ್ತಿದ್ದ 2019ರ ಕಾಲದ ಆವೃತ್ತಿಯಲ್ಲಿ, ಮೀಸಲಿಟ್ಟ ಜಾಗವೂ 64 ಬೈಟೇ. ಅದರಲ್ಲಿ ಕೊನೆಯದೊಂದು ಸಮಾಪ್ತಿಯನ್ನು ಸೂಚಿಸುವ ಶೂನ್ಯಕ್ಕೆ ಮೀಸಲು. ಉಳಿದ 63ರೊಳಗೆ ನಮ್ಮ ಐದು ತಾಲೂಕುಗಳಲ್ಲಿ ನಾಲ್ಕು ನಿರಾಯಾಸವಾಗಿ ಹಿಡಿಸಿ, ಐದನೆಯದು ಒಂದೇ ಒಂದು ಬೈಟಿನ ಕೊರತೆಯಿಂದ ತನ್ನ ಕೊಂಬಿನ ಮೂರರಲ್ಲೊಂದು ಅಂಶವನ್ನು ಕಳೆದುಕೊಂಡಿತ್ತು. ದೇವರು ಪರೀಕ್ಷಾರ್ಥವಾಗಿ ಇಟ್ಟ ಹೆಸರೋ ಎಂಬಂತೆ ಹಗರಿಬೊಮ್ಮನಹಳ್ಳಿಯು ಆ ಸಾಧನದ ಗಡಿಯ ಮೇಲೆಯೇ ಕಾಲಿಟ್ಟು ನಿಂತಿತ್ತು.

ರೋಗವು ತಿಳಿದ ಮೇಲೆ ಚಿಕಿತ್ಸೆಯ ವಿಚಾರ. ಓದಿದ 63 ಬೈಟುಗಳಾಚೆಗಿನದನ್ನು ಇನ್ನೊಮ್ಮೆ ಓದಿ, ಎರಡು ತುಂಡುಗಳನ್ನು ಪಕ್ಕಪಕ್ಕದಲ್ಲಿ ಅಚ್ಚು ಮಾಡಿದರಾಯಿತೆಂಬುದು ನನ್ನ ಮೊದಲ ಎಣಿಕೆ. ಹಗರಿಬೊಮ್ಮನಹಳ್ಳಿಗೆ ಅದು ಅಮೃತವಾಯಿತು. ಮುರಿದ ಕೊಂಬಿನ ತುಣುಕುಗಳು ಒಂದಕ್ಕೊಂದು ಕೂಡಿ ಅಕ್ಷರವು ಅಖಂಡವಾಯಿತು. ಆದರೆ ಉಳಿದ ನಾಲ್ಕಕ್ಕೆ ಅದೇ ವಿಷವಾಯಿತು. 43 ಬೈಟಿಗೇ ಮುಗಿದ ಹೆಸರಿನ 63ನೆಯ ಸ್ಥಾನದಾಚೆ ಓದಹೊರಟರೆ ಕಣ್ಣಿಗೆ ಬೀಳುವುದು ಪಕ್ಕದ ಮನೆಯ ಸಾಮಾನೇ ತಾನೆ? ಐದು ಹೆಸರುಗಳನ್ನೂ ಒಂದೇ ಆಜ್ಞೆಯಲ್ಲಿ ಕೊಟ್ಟಿದ್ದುದರಿಂದ ಅವು ಸ್ಮೃತಿಯಲ್ಲಿ ಒಂದರ ಮಗ್ಗುಲಿಗೊಂದು ಕುಳಿತಿದ್ದುವು. ಆದಕಾರಣ ‘ಕೂಡ್ಲಿಗಿ ತಾಲೂಕು’ ಎಂಬುದರ ಬಾಲಕ್ಕೆ ‘ಕೊಟ್ಟೂರು ತಾಲೂಕು’ ಎಂಬುದರ ಹಿಂಗಾಲುಗಳು ಅಂಟಿಕೊಂಡು ಬಂದುವು. ಕೂಡ್ಲಿಗಿಯಿಂದ ಬೇರ್ಪಟ್ಟು ಸ್ವತಂತ್ರ ತಾಲೂಕೆನಿಸಿಕೊಳ್ಳಲು ಬಹುಕಾಲ ಕಾದ ಕೊಟ್ಟೂರನ್ನು ಈ ಯಂತ್ರವು ಯಾವ ಸರ್ಕಾರಿ ಆದೇಶವೂ ಇಲ್ಲದೆ ಮತ್ತೆ ಕೂಡ್ಲಿಗಿಗೇ ಸೇರಿಸಿಬಿಟ್ಟಿತು!

ಹೆಸರು ಎಷ್ಟು ಉದ್ದವಿದೆಯೆಂದು ಅಳೆದು, 63ನ್ನು ಮೀರಿದ್ದರೆ ಮಾತ್ರ ಎರಡನೆಯ ತುಂಡನ್ನು ಓದಬೇಕೆಂಬುದು ಸ್ಪಷ್ಟವಾಯಿತು. ಅಳೆಯುವ ಪದವನ್ನು ಪ್ರಯೋಗಿಸಿದರೆ ಅಂಥ ಕ್ರಿಯೆಯನ್ನು ತಾನರಿಯೆನೆಂದು ಸಾಧನವು ನುಡಿಯಿತು. ಅಳೆಯುವ ಪದವಿಲ್ಲದಿದ್ದರೆ ಒಂದೊಂದೇ ಬೈಟನ್ನು ಮುಟ್ಟಿ ಶೂನ್ಯವು ಸಿಕ್ಕುವವರೆಗೆ ಎಣಿಸುವ ಆವರ್ತನವನ್ನಾದರೂ ಬರೆಯೋಣವೆಂದು, ಎಲ್ಲ ಭಾಷೆಗಳಲ್ಲಿಯೂ ಉಂಟೆಂದು ನಂಬಿದ್ದ ‘ವೈಲ್’ ಎಂಬ ಪದವನ್ನು ಬರೆದರೆ, ಅದು ವ್ಯಾಕರಣದೋಷವೆಂದು ಉತ್ತರ ಬಂದಿತು. ಇಲ್ಲಿಗೆ ನನ್ನ ಕ್ಷುಲ್ಲಕ ಪ್ರಸಂಗವು ಮುಗಿದು ವಿಮರ್ಶೆಯ ಪ್ರಶ್ನೆಯು ಮೊದಲಾಯಿತು. ಮತ್ತೆ ಮತ್ತೆ ಮಾಡು ಎಂದು ಹೇಳಲಾರದ ಭಾಷೆಯೂ ಒಂದು ಭಾಷೆಯೇ?

ಇಲ್ಲದಿರುವುದನ್ನು ಹುಡುಕುವುದು, ಇದ್ದು ಕೆಟ್ಟಿರುವುದನ್ನು ಹುಡುಕುವುದಕ್ಕಿಂತ ಕಠಿಣ. ಕೆಟ್ಟ ಯಂತ್ರವು ಸದ್ದು ಮಾಡುತ್ತದೆ; ಇಲ್ಲದ ಅಂಗವು ಸದ್ದು ಮಾಡದು. ಅಂತೆಯೇ ಭಾಷೆಯಲ್ಲಿ ಒಂದು ಸೌಕರ್ಯವು ಕಾಣದಾದಾಗ, ಆ ಅಭಾವವು ಯಾವ ಅಂತಸ್ತಿನಲ್ಲಿದೆಯೆಂದು ನಿಶ್ಚಯಿಸುವುದೇ ಶೋಧನೆಯ ಮುಕ್ಕಾಲು ಭಾಗ. ಬಿಪಿಎಫ್‌ಟ್ರೇಸಿನ ಒಂದು ಸಾಲು ಕರ್ನೆಲನ್ನು ಮುಟ್ಟುವ ಮೊದಲು ನಾಲ್ಕು ಬಾಗಿಲುಗಳನ್ನು ದಾಟಬೇಕು. ಮೊದಲನೆಯದು ವ್ಯಾಕರಣದ ಬಾಗಿಲು: ಪದಗಳ ಜೋಡಣೆ ಸರಿಯೇ ಎಂಬುದಷ್ಟೇ ಅಲ್ಲಿಯ ಪ್ರಶ್ನೆ. ಎರಡನೆಯದು ಅರ್ಥಪರೀಕ್ಷೆಯದು: ಕರೆದ ಕ್ರಿಯೆ ಉಂಟೆ, ಕೊಟ್ಟ ವಸ್ತುವಿನ ಜಾತಿ ತಕ್ಕುದೇ ಎಂದು ಅಲ್ಲಿ ಕೇಳುತ್ತಾರೆ. ಮೂರನೆಯದರಲ್ಲಿ ಎಲ್‌ಎಲ್‌ವಿಎಂ ಎಂಬ ಭಾಷಾಂತರಯಂತ್ರವು ವಾಕ್ಯವನ್ನು ಬಿಪಿಎಫ್ ಎಂಬ ಕೃತಕಯಂತ್ರದ ಆದೇಶಗಳನ್ನಾಗಿ ಮಾರ್ಪಡಿಸುತ್ತದೆ. ನಾಲ್ಕನೆಯದು ಕರ್ನೆಲಿನ ಸ್ವಂತ ದ್ವಾರಪಾಲಕ. ವೆರಿಫೈಯರ್ ಎಂದು ಅವನ ಹೆಸರು. ಬಂದ ಪ್ರತಿಯೊಂದು ಆದೇಶವನ್ನೂ ಅದು ನಡೆಯಬಹುದಾದ ಪ್ರತಿಯೊಂದು ಹಾದಿಯಲ್ಲಿಯೂ ನಡೆಸಿ ನೋಡಿ, ಅಪಾಯದ ಸುಳಿವು ಸಿಕ್ಕರೆ ಅವನು ಹೊರಗೇ ನಿಲ್ಲಿಸುತ್ತಾನೆ. ಸಾಧನಕ್ಕೆ ‘ಡಿ’ ಎಂಬ ಗುರುತನ್ನು ಕೊಟ್ಟು ನಡೆಸಿದರೆ ಮೊದಲ ಮೂರು ಬಾಗಿಲುಗಳಲ್ಲಿ ವಾಕ್ಯವು ತಾಳುವ ರೂಪಗಳನ್ನು ಬಿಚ್ಚಿ ತೋರಿಸುತ್ತದೆ. ‘ವಿ’ ಎಂಬ ಗುರುತಿನಿಂದ ದ್ವಾರಪಾಲಕನ ದಿನಚರಿಯನ್ನೇ ಓದಬಹುದು. ಈ ಪಾರದರ್ಶಕತೆಯು ಬಿಪಿಎಫ್‌ಟ್ರೇಸಿನ ಶ್ರೇಷ್ಠ ಗುಣಗಳಲ್ಲೊಂದು.

ಈ ಕ್ರಮದಲ್ಲಿ ಪರೀಕ್ಷಿಸಿದಾಗ, ಅಳೆಯುವ ಪದದ ಅಭಾವವು ಎರಡನೆಯ ಬಾಗಿಲಿನದು ಎಂದು ತಿಳಿಯಿತು. ಅದು ಇನ್ನೂ ಯಾರೂ ಮಾಡದೆ ಉಳಿದ ಕೆಲಸ, ಅಷ್ಟೆ. ಆವರ್ತನದ ಅಭಾವವು ಮೇಲ್ನೋಟಕ್ಕೆ ಮೊದಲ ಬಾಗಿಲಿನದೆನಿಸಿದರೂ ಅದರ ಬೇರು ನಾಲ್ಕನೆಯದರಲ್ಲಿತ್ತು. ಭಾಷೆಯಲ್ಲಿ ವ್ಯಾಕರಣವನ್ನು ತಿದ್ದಿ ಆ ಪದವನ್ನು ಸೇರಿಸಿದ್ದರೂ, ಹಿಂದಕ್ಕೆ ಜಿಗಿಯುವ ಆದೇಶವನ್ನು ಕಂಡೊಡನೆ ಅಂದಿನ ದ್ವಾರಪಾಲಕನು ಪ್ರೋಗ್ರಾಮನ್ನೇ ತಿರಸ್ಕರಿಸುತ್ತಿದ್ದನು. ಭಾಷೆಯ ಕರ್ತೃಗಳು ಇದನ್ನರಿತೇ ‘ಅನ್‌ರೋಲ್’ ಎಂಬ ಬದಲಿ ಪದವೊಂದನ್ನು ಕೊಟ್ಟಿದ್ದರು: ಎಷ್ಟು ಸಲವೆಂದು ಮುಂಚಿತವಾಗಿ ಹೇಳಿದರೆ, ಅಷ್ಟು ಸಲವೂ ಅದೇ ವಾಕ್ಯವನ್ನು ಉದ್ದಕ್ಕೆ ಬರೆದಿಡುವ ವ್ಯವಸ್ಥೆ. ಅದರ ಮಿತಿ ಆಗ 20. ತೇರಿನ ಚಕ್ರವನ್ನು ಉರುಳಿಸಲು ಅನುಮತಿಯಿಲ್ಲದ ಊರಿನಲ್ಲಿ ಇಪ್ಪತ್ತು ಚಕ್ರಗಳನ್ನು ದಾರಿಯುದ್ದಕ್ಕೂ ಹಾಸಿ ಅವುಗಳ ಮೇಲೆ ತೇರನ್ನು ಜಾರಿಸಿಕೊಂಡು ಹೋದಂತೆ!

ಈ ನಿಷೇಧವನ್ನು ಮೌಢ್ಯವೆಂದು ನಗುವ ಮುನ್ನ ಅದರ ವಂಶಾವಳಿಯನ್ನು ನೋಡಬೇಕು. ಬಿಪಿಎಫ್ ಎಂಬುದು ಮೊದಲಿಗೆ ಜಾಲದಲ್ಲಿ ಹರಿಯುವ ಮಾಹಿತಿಯ ಪೊಟ್ಟಣಗಳನ್ನು ಸೋಸುವ ಜರಡಿಯಾಗಿ ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್‌ಸನ್ ಎಂಬವರಿಂದ ರಚಿತವಾಗಿ 1993ರಲ್ಲಿ ವಿದ್ವತ್ಸಭೆಯಲ್ಲಿ ಮಂಡಿತವಾಯಿತು. ಅಂದಿನಿಂದಲೂ ಅದರಲ್ಲಿ ಮುಂದಕ್ಕೆ ಜಿಗಿಯಲು ಮಾತ್ರ ಎಡೆಯಿತ್ತು, ಹಿಂದಕ್ಕೆ ಹೋಗುವ ಹಾದಿಯಿರಲಿಲ್ಲ. ಹಿಂದಕ್ಕೆ ಹೋಗಲಾರದ ಪ್ರೋಗ್ರಾಂ ಎಂದಾದರೊಮ್ಮೆ ಮುಗಿಯಲೇಬೇಕು ಎಂಬ ಸರಳ ತರ್ಕವು ಅದರ ಅಡಿಗಲ್ಲು. ನಮ್ಮ ನಿಮ್ಮ ಪ್ರೋಗ್ರಾಂ ಅನಂತ ಆವರ್ತನದಲ್ಲಿ ಸಿಲುಕಿದರೆ ಅದನ್ನು ಕೊಂದು ಮುಂದುವರಿಯಬಹುದು. ಕರ್ನೆಲಿನೊಳಗೆ ಅದೇ ನಡೆದರೆ ಇಡೀ ಯಂತ್ರವೇ ಸ್ತಬ್ಧವಾಗುವುದು. ಅಲೆಕ್ಸಿ ಸ್ಟಾರೊವೊಯಿಟೊವ್ ಮೊದಲಾದವರು 2014ರಿಂದಾಚೆಗೆ ಈ ಜರಡಿಯನ್ನು ಹಿಗ್ಗಿಸಿ ಸಾಮಾನ್ಯೋಪಯೋಗಿಯಾದ ಇಬಿಪಿಎಫ್ ಆಗಿ ಮಾರ್ಪಡಿಸಿದಾಗಲೂ ಆ ವ್ರತವನ್ನು ಕೈಬಿಡಲಿಲ್ಲ.

ಈ ಕಥೆಯಲ್ಲಿ ಕರ್ನಾಟಕದ ಪಾತ್ರವೂ ಸಣ್ಣದಲ್ಲ. ಐಬಿಎಂ ಸಂಸ್ಥೆಯು ಓಎಸ್/2 ಎಂಬ ತನ್ನ ಹಳೆಯ ವ್ಯವಸ್ಥೆಯಿಂದ ಲಿನಕ್ಸಿಗೆ ತಂದ ಡಿಪ್ರೋಬ್ಸ್ ಎಂಬ ಸಾಧನಕ್ಕೆ ತನ್ನದೇ ಆದ ಒಂದು ಭಾಷೆಯಿತ್ತು. ಲಿನಕ್ಸಿನ ಪ್ರಮುಖರು ಆ ಭಾಷೆಯನ್ನು ಕರ್ನೆಲಿನೊಳಕ್ಕೆ ಬಿಟ್ಟುಕೊಳ್ಳಲಿಲ್ಲ. ಅದರ ಅಡಿಯಲ್ಲಿದ್ದ ಕೊಕ್ಕೆಯನ್ನು ಮಾತ್ರ ಸ್ವೀಕರಿಸಿದರು. ಆ ಕೊಕ್ಕೆಯೇ ಕೆಪ್ರೋಬ್ಸ್. ಬೇಕಾದ ಆದೇಶದ ಮೊದಲ ಬೈಟಿನ ಜಾಗದಲ್ಲಿ ತಡೆಯ ಗುರುತೊಂದನ್ನು ನೆಟ್ಟು, ಯಂತ್ರವು ಅಲ್ಲಿ ಎಡವಿದಾಗ ನೋಡಬೇಕಾದುದನ್ನು ನೋಡಿ, ಮೂಲ ಆದೇಶವನ್ನು ನಡೆಸಿ ಏನೂ ಆಗದಂತೆ ಮುಂದೆ ಕಳುಹಿಸುವುದು ಅದರ ಉಪಾಯ. ಕರ್ನೆಲಿನ ಮೂಲಗ್ರಂಥದಲ್ಲಿ ಆ ಕಡತದ ಶಿರೋಭಾಗವನ್ನು ತೆರೆದು ನೋಡಿದರೆ, 2002ರ ಅಕ್ಟೋಬರಿನಲ್ಲಿ ಅದನ್ನು ಮೊದಲಿಗೆ ರಚಿಸಿದ ವಂಶಿಕೃಷ್ಣ, 2004ರಲ್ಲಿ ಅದನ್ನು ಬೆಳೆಸಿದ ಸುಪರ್ಣಾ ಭಟ್ಟಾಚಾರ್ಯ ಮತ್ತು ಪ್ರಸನ್ನ ಪಂಚಮುಖಿ ಎಂಬ ಹೆಸರುಗಳು, ಐಬಿಎಂನ ಭಾರತ ಶಾಖೆಯ ವಿಳಾಸದೊಡನೆ, ಶಾಸನದ ಸ್ವಸ್ತಿವಾಚನದಂತೆ ಕಾಣಸಿಗುತ್ತವೆ. ಬಹುಕಾಲ ಅದರ ಪಾಲಕರ ಪಟ್ಟಿಯಲ್ಲಿದ್ದ ಅನಂತ ಮಾವಿನಕಾಯನಹಳ್ಳಿ ಎಂಬ ಹೆಸರನ್ನು ಕಂಡ ಕನ್ನಡಿಗನಿಗೆ ಅದರೊಳಗಿನ ಹಳ್ಳಿಯನ್ನು ಗುರುತಿಸಲು ಯಾರ ಸಹಾಯವೂ ಬೇಡ. ಬೆಂಗಳೂರಿನ ಆ ಕಾರ್ಯಾಲಯದಿಂದ ಹೊರಟ ಕೆಪ್ರೋಬ್ಸ್ 2004ರಲ್ಲಿ ಅಧಿಕೃತ ಕರ್ನೆಲಿನ ಭಾಗವಾಯಿತು. ಇಂದು ಬಿಪಿಎಫ್‌ಟ್ರೇಸ್ ಕರ್ನೆಲಿನ ಯಾವುದೋ ಕ್ರಿಯೆಯ ಹೊಸ್ತಿಲಲ್ಲಿ ಕುಳಿತು ಇಣುಕುವಾಗ, ಬಹಳ ಮಟ್ಟಿಗೆ ಅದು ಕುಳಿತಿರುವುದು ಆ ಕೊಕ್ಕೆಯ ಮೇಲೆಯೇ. ಕೊಕ್ಕೆಯನ್ನು ಪಡೆದು ಭಾಷೆಯನ್ನು ಬಿಟ್ಟ ಕರ್ನೆಲು, ಒಂದು ದಶಕದ ಬಳಿಕ, ದ್ವಾರಪಾಲಕನೊಬ್ಬ ಸಿಕ್ಕಿದ ಮೇಲೆಯೇ ಭಾಷೆಗೆ ಬಾಗಿಲು ತೆರೆದುದು ಅರ್ಥಪೂರ್ಣವಾದ ಸಂಗತಿ.

ಸೋದರ ಕೃತಿಗಳೊಡನೆ ಹೋಲಿಸಿದರೆ ಈ ಸಂಯಮದ ಬೆಲೆ ತಿಳಿಯುತ್ತದೆ. ಬ್ರಯನ್ ಕ್ಯಾಂಟ್ರಿಲ್, ಮೈಕ್ ಶಪಿರೊ, ಆಡಮ್ ಲೆವೆಂಥಾಲ್ ಎಂಬ ಮೂವರು ರಚಿಸಿ 2004ರಲ್ಲಿ ಪ್ರಬಂಧರೂಪದಲ್ಲಿ ಮಂಡಿಸಿದ ಡಿಟ್ರೇಸ್, ಆವರ್ತನವನ್ನು ಮೂಲತಃ ತೊರೆದೇ ಹುಟ್ಟಿತು. ನಡೆಯುತ್ತಿರುವ ಯಂತ್ರಕ್ಕೆ ಕೇಡಾಗಬಾರದೆಂಬುದು ಅದರ ಪ್ರತಿಜ್ಞೆ. ರೆಡ್ ಹ್ಯಾಟ್, ಐಬಿಎಂ, ಇಂಟೆಲ್, ಹಿಟಾಚಿ ಸಂಸ್ಥೆಗಳವರು ಕೂಡಿ 2005ರಿಂದ ಬೆಳೆಸಿದ ಸಿಸ್ಟಮ್‌ಟ್ಯಾಪ್ ಮತ್ತೊಂದು ಹಾದಿಯನ್ನು ಹಿಡಿಯಿತು: ಬಗೆಬಗೆಯ ಆವರ್ತನಗಳನ್ನೆಲ್ಲ ಉದಾರವಾಗಿ ಕೊಟ್ಟು, ಒಂದು ಸಲಕ್ಕೆ ನಡೆಯಬಹುದಾದ ವಾಕ್ಯಗಳಿಗೆ ಸಾಮಾನ್ಯವಾಗಿ 1000 ಎಂಬ ಮೇರೆಯನ್ನಿಟ್ಟು, ಮೀರಿದರೆ ಕೆಲಸವನ್ನು ನಿಲ್ಲಿಸುವುದು ಅದರ ಕ್ರಮ. ಮೊದಲನೆಯದು ಉಪವಾಸ ಮಾಡಿದ ಯತಿ. ಎರಡನೆಯದು ಲೆಕ್ಕವಿಟ್ಟು ಉಣ್ಣುವ ಗೃಹಸ್ಥ. ಬಿಪಿಎಫ್‌ಟ್ರೇಸ್ ಯತಿಯಾಗಿ ಆರಂಭಿಸಿ ಗೃಹಸ್ಥಾಶ್ರಮಕ್ಕೆ ಬಂದ ಅಪೂರ್ವ ಉದಾಹರಣೆ. 4096 ಆದೇಶಗಳಿಗಿಂತ ಉದ್ದವಾದ ಪ್ರೋಗ್ರಾಮನ್ನು ಒಪ್ಪದಿದ್ದ ಕರ್ನೆಲು 2019ರ 5.2ನೆಯ ಆವೃತ್ತಿಯಲ್ಲಿ 10 ಲಕ್ಷ ಆದೇಶಗಳವರೆಗೆ ಪರೀಕ್ಷಿಸಿ ನೋಡುವಷ್ಟು ಸಹನೆಯನ್ನು ಗಳಿಸಿ, ಅದೇ ವರ್ಷದ 5.3ನೆಯ ಆವೃತ್ತಿಯಲ್ಲಿ, ಖಂಡಿತವಾಗಿ ಮುಗಿಯುವುದೆಂದು ತನಗೆ ಮನವರಿಕೆಯಾದ ಆವರ್ತನಗಳಿಗೆ ಅನುಮತಿಯಿತ್ತಿತು. ಮರುವರ್ಷವೇ ಬಿಪಿಎಫ್‌ಟ್ರೇಸಿನ ವ್ಯಾಕರಣದಲ್ಲಿ ‘ವೈಲ್’ ಎಂಬ ಪದವು ಸ್ಥಾನ ಪಡೆಯಿತು. ಅದನ್ನು ಹಳೆಯ ಕರ್ನೆಲಿನ ಮೇಲೆ ಪ್ರಯೋಗಿಸಿದರೆ, ಇಲ್ಲಿ ಆವರ್ತನಕ್ಕೆ ಆಶ್ರಯವಿಲ್ಲವೆಂಬ ಎಚ್ಚರಿಕೆಯ ನುಡಿಯನ್ನೂ ಅದು ಆಡುತ್ತದೆ.

ಆದುದರಿಂದ ಆವರ್ತನದ ಅಭಾವವನ್ನು ನಾನು ದೋಷವೆಂದು ಎಣಿಸಲಾರೆ. ಅದು ಕಾರಣವುಳ್ಳ ಅಭಾವ. ಅದಕ್ಕಿಂತಲೂ ಮುಖ್ಯವಾಗಿ, ಬಾಯ್ಬಿಟ್ಟು ಹೇಳಿದ ಅಭಾವ. ಕೇಳಿದವನಿಗೆ ‘ಇಲ್ಲ’ ಎಂಬ ಉತ್ತರ ಸಿಕ್ಕುತ್ತದೆ; ಇಲ್ಲವೆಂಬುದನ್ನು ಅರಿತವನು ಬೇರೆ ದಾರಿಯನ್ನು ಹುಡುಕುತ್ತಾನೆ. ಇದೇ ಭಾಷೆಯಲ್ಲಿ ಪದಪುಂಜದ ಮಿತಿಯನ್ನು 64ರಿಂದ ಹೆಚ್ಚಿಸಲೂ ಒಂದು ಉಪಾಯವಿತ್ತು. 200 ಬೈಟುಗಳವರೆಗೆ ಅದನ್ನು ವಿಸ್ತರಿಸಬಹುದಾಗಿತ್ತು. ಹಾಗೆ ಮಾಡಿದೊಡನೆ ನನ್ನ ಹಗರಿಬೊಮ್ಮನಹಳ್ಳಿಯು ಯಾವ ಮಾಟಮಂತ್ರವೂ ಇಲ್ಲದೆ ಪೂರ್ಣಾಂಗವಾಯಿತು. 201ನ್ನು ಕೇಳಿದರೆ, ಪದಪುಂಜಗಳು ಸದ್ಯಕ್ಕೆ ಬಿಪಿಎಫ್‌ನ 512 ಬೈಟುಗಳ ಕಿರಿದಾದ ಸ್ಟ್ಯಾಕಿನ ಮೇಲೆಯೇ ವಾಸಿಸಬೇಕಾಗಿರುವುದರಿಂದ ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲವೆಂದು, ಕಾರಣಸಹಿತವಾಗಿ, ಸಾಧನವು ವಿನಯದಿಂದ ನಿರಾಕರಿಸುತ್ತಿತ್ತು. ಎಂಥ ಸಜ್ಜನಿಕೆ! ಆದರೆ ಅದೇ ಸಜ್ಜನನು, 64 ಬೈಟಿನ ಹೆಸರನ್ನು 63ಕ್ಕೆ ಕತ್ತರಿಸಿ ಕೈಗಿಡುವಾಗ, ಕತ್ತರಿಸಿದೆನೆಂಬ ಒಂದು ಮಾತನ್ನೂ ಆಡಲಿಲ್ಲ. ನನ್ನ ಆಕ್ಷೇಪವಿರುವುದು ಈ ಮೌನದ ಮೇಲೆ.

ಹಗರಿಬೊಮ್ಮನಹಳ್ಳಿಯ ವಿಷಯದಲ್ಲಿ ಆ ಮೌನವು ಅಕಸ್ಮಾತ್ತಾಗಿ ಬಯಲಾಯಿತು. ಮೂರು ಬೈಟುಗಳ ಕೊಂಬು ಎರಡಕ್ಕೆ ತುಂಡಾದುದರಿಂದ ಗಾಯವು ಕಣ್ಣಿಗೆ ಬಿದ್ದಿತು. ಗಾಯವೇ ಕಾಣದ ಹಾಗೆ ಕತ್ತರಿಸಿದರೆ? ಅದನ್ನು ಅರಿಯಲು ಇನ್ನೊಂದು ಪರೀಕ್ಷೆ ಮಾಡಿದೆ. ಕರ್ನೆಲು ಪ್ರತಿಯೊಂದು ಕಾರ್ಯದ ಹೆಸರನ್ನೂ ‘ಕಾಮ್’ ಎಂಬ 16 ಬೈಟುಗಳ ಡಬ್ಬಿಯಲ್ಲಿ ಇಡುತ್ತದೆ. ಶೂನ್ಯಕ್ಕೊಂದು ಹೋಗಿ ಉಳಿಯುವುದು 15, ಎಂದರೆ ಕನ್ನಡದ ಸರಿಯಾಗಿ ಐದು ಸಂಕೇತಗಳು. ಐದು ಊರುಗಳ ಹೆಸರಿನಲ್ಲಿ ಐದು ಪುಟ್ಟ ಪ್ರೋಗ್ರಾಂಗಳನ್ನು ಬರೆದು ನಡೆಸಿ, ಯಾರು ಯಾರು ಬಂದಿರಿ ಎಂದು ಬಿಪಿಎಫ್‌ಟ್ರೇಸಿನ ಮೂಲಕ ಹಾಜರಿ ಕರೆದೆ. ಹಡಗಲಿಯು ಐದೇ ಸಂಕೇತಗಳ ಹೆಸರಾದುದರಿಂದ, ತನ್ನ ಮಲ್ಲಿಗೆಯ ಒಂದು ಎಸಳೂ ಉದುರದಂತೆ, ಅಖಂಡವಾಗಿ ಬಂದಿತು. ಹರಪನಹಳ್ಳಿಯು ‘ಹರಪನಹ’ ಆಯಿತು, ಹಗರಿಬೊಮ್ಮನಹಳ್ಳಿಯು ‘ಹಗರಿಬ’, ಕೂಡ್ಲಿಗಿಯು ‘ಕೂಡ್ಲ’. ಇವು ಮೊಂಡುಗಳೆಂದು ಕನ್ನಡ ಬಲ್ಲವನು ಊಹಿಸಿಯಾನು. ಕೊಟ್ಟೂರು ಮಾತ್ರ ‘ಕೊಟ್ಟ’ ಎಂದಾಯಿತು.

ಕೊಟ್ಟ! ಅದು ತುಂಡಲ್ಲ, ತುಂಬಿದ ಪದ. ಎಲ್ಲಿಯೂ ಕಪ್ಪು ಗುರುತಿಲ್ಲ, ಮುರಿದ ಕೊಂಬಿಲ್ಲ, ವ್ಯಾಕರಣಕ್ಕೂ ನಿಘಂಟಿಗೂ ಸಮ್ಮತವಾದ ಭೂತಕಾಲದ ಕ್ರಿಯಾಪದ. ಯಾರು ಕೊಟ್ಟ, ಏನನ್ನು ಕೊಟ್ಟ ಎಂದು ಓದುವವನು ಯೋಚಿಸಿಯಾನೇ ಹೊರತು, ಇಲ್ಲೊಂದು ಊರು ಕಾಣೆಯಾಗಿದೆಯೆಂದು ಅವನಿಗೆ ಹೊಳೆಯದು. ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದು ಜನಸ್ತೋಮವನ್ನು ಸುಮ್ಮನಾಗಿಸಿ ಒಂದೇ ಸಾಲಿನ ಕಾರ್ಣಿಕವನ್ನು ನುಡಿದು ಕೆಳಕ್ಕೆ ಬೀಳುವಾಗ, ಆ ನುಡಿಯು ಸಂಕ್ಷಿಪ್ತವೆಂದೂ ಅದರ ಅರ್ಥವನ್ನು ತಾವೇ ಬಿಡಿಸಿಕೊಳ್ಳಬೇಕೆಂದೂ ನೆರೆದವರೆಲ್ಲರೂ ಬಲ್ಲರು. ಆ ಅರಿವೇ ಅವರನ್ನು ದುಡುಕದಂತೆ ಕಾಯುತ್ತದೆ. ಯಂತ್ರದ ಪಟ್ಟಿಯಾದರೋ ತಾನು ಕಾರ್ಣಿಕವೆಂದು ಹೇಳಿಕೊಳ್ಳುವುದಿಲ್ಲ. ತಾನು ಸಾಕ್ಷಿಯೆಂದು ಹೇಳಿಕೊಳ್ಳುತ್ತದೆ. ಸಾಕ್ಷಿಯು ಅರ್ಧ ಹೇಳಿ ಪೂರ್ತಿ ಹೇಳಿದವನಂತೆ ಕಟಕಟೆಯಿಂದ ಇಳಿದುಹೋದರೆ ನ್ಯಾಯದ ಗತಿಯೇನು? ಮುರಿದ ಮಾತು ಕೇಳುವವನನ್ನು ಎಚ್ಚರಿಸುತ್ತದೆ. ಅರ್ಥವುಳ್ಳ ಅರ್ಧಮಾತು ಅವನನ್ನು ಮಲಗಿಸುತ್ತದೆ.

16 ಬೈಟಿನ ಡಬ್ಬಿಯು ಬಿಪಿಎಫ್‌ಟ್ರೇಸ್ ಕಟ್ಟಿದುದಲ್ಲ, ಕರ್ನೆಲಿನಿಂದ ಬಂದ ಪಿತ್ರಾರ್ಜಿತ ಎಂದು ಅದರ ಪರವಾಗಿ ವಾದಿಸಬಹುದು. ಆ ವಾದವು ನಿಜ. 64 ಎಂಬ ಅಂಕೆಯನ್ನು ಆರಿಸಿದವರಿಗೆ ಕನ್ನಡದ ಮೇಲೆ ದ್ವೇಷವಿತ್ತೆಂದು ಆರೋಪಿಸುವುದೂ ಹುಚ್ಚುತನವೇ. ಒಂದು ಅಕ್ಷರಕ್ಕೆ ಒಂದು ಬೈಟೆಂದು ಅಳೆಯುವ ಇಂಗ್ಲಿಷಿನ ಕೊಳಗದಲ್ಲಿ 63 ಎಂಬುದು ಧಾರಾಳವಾಗಿ ಕಂಡಿರಬೇಕು. ಅದೇ ಕೊಳಗವು ನಮ್ಮ ಕಣಕ್ಕೆ ಬಂದಾಗ 21 ಸಂಕೇತಗಳಿಗೆ ತುಂಬಿಹೋಗುತ್ತದೆ. ಕೊಳಗ ಸಣ್ಣದಾದುದು ಅಪರಾಧವಲ್ಲ. ತುಂಬಿ ಚೆಲ್ಲಿದುದನ್ನು ಅಳೆಯುವವನು ಹೇಳದಿರುವುದು ಅಪರಾಧ. ಅದರಲ್ಲಿಯೂ ಅನ್ಯರ ಯಂತ್ರಗಳಲ್ಲಿ ಅಡಗಿದ ಸತ್ಯವನ್ನು ಬಯಲಿಗೆಳೆಯುವುದೇ ತನ್ನ ವೃತ್ತಿಯಾಗಿರುವ ಸಾಧನಕ್ಕೆ ಅದು ಒಪ್ಪತಕ್ಕುದಲ್ಲ.

ಸಂತೋಷದ ಸಂಗತಿಯೆಂದರೆ ಬಿಪಿಎಫ್‌ಟ್ರೇಸಿನ ಇತ್ತೀಚಿನ ಆವೃತ್ತಿಗಳು ಈ ದೋಷವನ್ನು ಕಂಡುಕೊಂಡಿವೆ. ಪದಪುಂಜಗಳು ಇಕ್ಕಟ್ಟಿನ ಸ್ಟ್ಯಾಕನ್ನು ಬಿಟ್ಟು ವಿಶಾಲವಾದ ತಾವಿಗೆ ವಲಸೆ ಹೋಗಿ, ಅವುಗಳ ಸಹಜ ಮಿತಿಯು 1024 ಬೈಟುಗಳಿಗೆ ಏರಿದೆ. ನಮ್ಮ ಐದು ತಾಲೂಕುಗಳಿಗೂ, ಅವುಗಳ ಹೋಬಳಿ ಗ್ರಾಮಗಳನ್ನು ಸೇರಿಸಿಕೊಂಡರೂ, ಈಗ ಅಲ್ಲಿ ಎಡೆಯುಂಟು. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತಲೂ, ಬಹುವಾಗಿ ಹೊಗಳಿಸಿಕೊಂಡ ಆವರ್ತನದ ಆಗಮನಕ್ಕಿಂತಲೂ ಹಿರಿದಾದುದು ಬೇರೊಂದು ಸಣ್ಣ ಸೇರ್ಪಡೆ: ಎಸ್‌ಟಿಆರ್ ಓದಿದ ಪದಪುಂಜವು ಮಿತಿಯನ್ನು ಮೀರಿ ಕತ್ತರಿಸಲ್ಪಟ್ಟರೆ, ಅದರ ತುದಿಯಲ್ಲಿ ಈಗ ಎರಡು ಚುಕ್ಕೆಗಳು ಮೂಡುತ್ತವೆ. ಅಷ್ಟೇ. ಕರ್ನೆಲಿನ 16 ಬೈಟಿನ ಡಬ್ಬಿಗೆ ಆ ಚುಕ್ಕೆಗಳ ಭಾಗ್ಯವಿಲ್ಲ. ಅಲ್ಲಿ ಕೊಟ್ಟೂರು ಇನ್ನೂ ‘ಕೊಟ್ಟ’ ಆಗಿಯೇ ಉಳಿದಿದೆ.

ಆ ಚುಕ್ಕೆಗಳನ್ನು ಕಂಡಾಗ ನನ್ನ ನೆನಪು ಐದು ಕಡತಗಳೊಳಗಿನ ಟಿಪ್ಪಣಿಗಳ ಕಡೆಗೇ ಹೊರಳಿತು. ನಮ್ಮ ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿ, ಬಳ್ಳಾರಿಯು ಮದ್ರಾಸು ಆಧಿಪತ್ಯದಲ್ಲಿ ಇದ್ದ ಕಾಲದಲ್ಲಿ, ಆ ಆಧಿಪತ್ಯದ ಕನ್ನಡ ಶಾಸನಗಳನ್ನು ಆರ್. ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣರಾಯರೂ ಸಂಪಾದಿಸಿ, ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದ ಮೊದಲ ಭಾಗವಾಗಿ 1939ರಲ್ಲಿ ಹೊರತಂದರು. ಹರಪನಹಳ್ಳಿಯ ಬಳಿಯ ಬಾಗಳಿಯ ಕಲ್ಲೇಶ್ವರ ಗುಡಿಯಂಥ ಎಡೆಗಳಲ್ಲಿ ಕಲ್ಲು ಸವೆದು, ಚಕ್ಕೆಯೆದ್ದು, ಅಕ್ಷರಗಳು ಅಳಿದಿರುವುದುಂಟು. ಶಾಸನವನ್ನು ಪ್ರತಿ ಮಾಡುವ ವಿದ್ವಾಂಸನು ಅಂಥಲ್ಲಿ ಏನು ಮಾಡುತ್ತಾನೆ? ಅಳಿದುದನ್ನು ಊಹಿಸಿ ತುಂಬುವ ಆತುರವನ್ನು ತಡೆದುಕೊಂಡು, ಉಳಿದ ಅಕ್ಷರಗಳನ್ನು ಹತ್ತಿರಕ್ಕೆಳೆದು ಹೊಲಿಯುವ ಲೋಭವನ್ನೂ ಗೆದ್ದು, ಆ ತಾವಿನಲ್ಲಿ ಚುಕ್ಕೆಗಳನ್ನಿಟ್ಟು ಮುಂದೆ ಹೋಗುತ್ತಾನೆ. ಕಲ್ಲು ಹೇಳಲಾರದುದನ್ನು ತಾನು ಹೇಳೆನೆಂಬ ವಿನಯವೂ, ಇಲ್ಲಿ ಏನೋ ಇತ್ತೆಂಬುದನ್ನು ಮರೆಮಾಚೆನೆಂಬ ನಿಷ್ಠೆಯೂ ಆ ಚುಕ್ಕೆಗಳಲ್ಲಿ ಒಟ್ಟಿಗಿವೆ; ನಾವು ಅಂಥ ಪಾಠವನ್ನು ನಂಬುವುದು ಅದರಲ್ಲಿ ತ್ರುಟಿಯಿಲ್ಲವೆಂದಲ್ಲ, ತ್ರುಟಿಯೆಲ್ಲಿದೆಯೆಂದು ಅದು ತೋರಿಸಿರುವುದರಿಂದ.

ಬಿಪಿಎಫ್‌ಟ್ರೇಸಿನ ಹಳೆಯ ಆವೃತ್ತಿಯನ್ನು ಅದರ ಬಡತನಕ್ಕಾಗಿ ನಾನು ಕ್ಷಮಿಸುತ್ತೇನೆ, ಮೌನಕ್ಕಾಗಿ ಕ್ಷಮಿಸಲಾರೆ. ಹೊಸದನ್ನು ಅದರ ಸಂಪತ್ತಿಗಾಗಿ ಮೆಚ್ಚುತ್ತೇನೆ, ಎರಡು ಚುಕ್ಕೆಗಳಿಗಾಗಿ ಗೌರವಿಸುತ್ತೇನೆ.